ಕರಿ ಅಂಚಿನ ಚೀಟಿ: ಬರಿದಾಗದ ಕಂಪ್ಯೂಟರು

"ಸತ್ತಾಂವಗ ಸಕ್ಕರಿ ರೋಗ ಇರೂದಿಲ್ಲೋ ಮಲಕಾರಿ ಮಾಸ್ತರ! ಚಾದಾಗ ಇನ್ನೊಂದ ಚಮಚಾ ಹಾಕಸು."

ಚಹಾದ ಬಸಿಯನ್ನು ಮುಂದೆ ಚಾಚಿ ಹೀಗೆಂದವರು ಅಂಕಲಿಯ ಆಬಾಸಾಹೇಬರು. ರಾಯಬಾಗದಲ್ಲಿ ಮಲಕಾರಿ ಮಾಸ್ತರರ ಟೈಪಿಂಗ್ ಕ್ಲಾಸಿನ ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಟೊಪ್ಪಿಗೆ ಇಸ್ತ್ರಿ, ಮೀಸೆಗೆ ಎಣ್ಣೆ. ದೇವರ ಪಾದ ಸೇರಿದವರ ಲಕ್ಷಣ ಒಂದೂ ಇರಲಿಲ್ಲ.

ನಡೆದದ್ದು ಇಷ್ಟು: ಆಬಾಸಾಹೇಬರು ತೀರಿಕೊಂಡರೆಂಬ ಸುಳ್ಳು ಕರಪತ್ರ ದೀಪಾವಳಿಯ ಹೊತ್ತಿಗೆ ಚಿಕ್ಕೋಡಿಯಿಂದ ಅಥಣಿಯವರೆಗೆ ಬಸ್ಸು ಬಸ್ಸಿನಲ್ಲಿ ಬಿದ್ದಿತ್ತು, ಅದರ ಸುದ್ದಿ ತಟ್ಟಿ ತೆಲಸಂಗದಲ್ಲಿ ಅವರ ಅಕ್ಕ, ಹೊಲಮನೆಯುಳ್ಳ ಮಕ್ಕಳಿಲ್ಲದ ಕಾಶಿಬಾಯಿ ಖರೇನೇ ಸತ್ತಿದ್ದಳು, ಅಕ್ಷರ ಜೋಡಿಸಿ ಆ ಚೀಟಿ ಕೂಡಿಸಿದವಳು ಸುಗಂಧಾಳೇ ಎಂದು ಫೌಜದಾರರು ಇವತ್ತು ಸಂಜೆ ಅವಳನ್ನು ಹಿಡಿದೊಯ್ಯುವವರಿದ್ದರು.

ಆ ಸುಗಂಧಾ ಗೋಡೆಗೆ ಆತು ನಿಂತಿದ್ದಳು. ಚಿಕ್ಕೋಡಿಯ ಭಾವುಸಾಹೇಬನ ಪ್ರೆಸ್ಸಿನಲ್ಲಿ ಡಿ.ಟಿ.ಪಿ. ಮಾಡುವ ಹುಡುಗಿ. ಊರಿನ ಅರ್ಧ ಮದುವೆ ಕಾರ್ಡು ಅವಳ ಬೆರಳಿನಿಂದ ಬಂದವು. ಈಗ ಆ ಬೆರಳುಗಳು ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇದ್ದವು.

"ಸತ್ತ ಮಂದಿ ಹಿಂಗ ಚಾ ಕುಡದ್ರ ಬದಕಿದಾವ್ರ ಗತಿ ಏನ್ರಿ?" ಎಂದ ಪಾರಿಸ ಚೌಗುಲೆ.

ಪಾರಿಸ ನಮ್ಮ ಪತ್ತೇದಾರ. ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು, ಪ್ರಿನ್ಸಿಪಾಲರ ಕೈಯಿಂದಲೇ ಬಹುಮಾನ ಪಡೆದ ಆಸಾಮಿ. ಸುಗಂಧಾಳ ತಾಯಿ ಮಂಗಲ ಅತ್ತು ಕರೆದು ಈ ಕೇಸನ್ನು ಅವನ ಕೊರಳಿಗೆ ಕಟ್ಟಿದ್ದಳು. ಆಬಾಸಾಹೇಬರನ್ನು ಯಾರೂ ಕರೆದಿರಲಿಲ್ಲ. ತಮ್ಮ ಸಾವಿನ ತನಿಖೆ ತಾವೇ ನೋಡಬೇಕೆಂದು ಪಾರಿಸನ ಲೂನಾದ ಹಿಂದೆ ತಾವಾಗಿಯೇ ಹತ್ತಿದ್ದರು. ಏರು ಬಂದಲ್ಲೆಲ್ಲ ಪಾರಿಸ ಪೆಡಲು ತುಳಿಯಬೇಕಾಗಿತ್ತು. ಹೆಣ ಇಷ್ಟು ಭಾರ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಮಾತ ಸಾಕು," ಎಂದ ಭಾವುಸಾಹೇಬ. ಪ್ರೆಸ್ಸಿನ ಮಾಲಕ. ಹಣೆಯ ತುಂಬ ಹಾಲಸಿದ್ದನಾಥ ದೇವರ ಭಂಡಾರದ ಅರಿಶಿನ, ಬೆರಳ ತುಂಬ ಉಂಗುರ. "ನಾ ಅಂಗಡಿ ಮುಚ್ಚಿ ಬಂದೇನಿ. ಏನ ಕೇಳತೀರಿ ಲಗೂನ ಕೇಳ್ರಿ."

ಪಾರಿಸ ಜೇಬಿನಿಂದ ಆ ಕರಪತ್ರ ತೆಗೆದು ಮೇಜಿನ ಮೇಲೆ ಹರಡಿದ. ನಾಲ್ಕೂ ಕಡೆ ಕರಿ ಅಂಚು. ಬರೀ ಗೆರೆಯಲ್ಲ, ದ್ರಾಕ್ಷಿ ಬಳ್ಳಿ. ಎಡಗಡೆಯ ಕೆಳಮೂಲೆಯಲ್ಲಿ ಒಂದು ಎಲೆ ತಲೆಕೆಳಗಾಗಿತ್ತು.

"ಈ ಬಳ್ಳಿ ಯಾರ್ದು ತಂಗಿ?"

"ನಂದ್ರಿ." ಸುಗಂಧಾ ತಲೆ ಎತ್ತಲಿಲ್ಲ. "ಬ್ಯಾಸಗ್ಯಾಗ ಒಂದ ಮದುವಿ ಕಾರ್ಡಿಗೆ ಅಂತ ನಾನ ಬಿಡಿಸಿದ್ನಿ. ಆ ಎಲಿ ತಪ್ಪಾಗಿತ್ತು. ಚಂದ ಕಂಡ್ತು, ಹಂಗ ಬಿಟ್ನಿ."

"ನೋಡ್ರಿ, ಆಕಿನ ಒಪ್ಪಕೊಂಡ್ಲು!" ಭಾವುಸಾಹೇಬ ಕೈ ಚೆಲ್ಲಿದ. "ಮದುವಿ ಬಳ್ಳಿ ತಂದು ಸಾವಿನ ಚೀಟಿಗಿ ಸುತ್ತ್ಯಾಳ. ಫೌಜದಾರ ಸಾಹೇಬ್ರು ಬ್ಯಾರೆ ಏನ ಹೇಳ್ಯಾರ?"

"ಫೌಜದಾರ್ರು ಬಳ್ಳಿ ಹಿಡದಾರ. ನಾ ಬೇರ ಹಿಡೀತೇನಿ." ಪಾರಿಸ ಕುರ್ಚಿ ಎಳೆದುಕೊಂಡ. "ನಿಮ್ಮ ಹೊಸಾ ಪೆಂಟಿಯಮ್ಮ ಕಂಪ್ಯೂಟರಿನ್ಯಾಗ ಈ ಬಳ್ಳಿ ಐತಿ?"

ಆಬಾಸಾಹೇಬರೇ ನಕ್ಕುಬಿಟ್ಟರು. ಆ ಕತೆ ಚಿಕ್ಕೋಡಿಯ ಚಹಾದಂಗಡಿಗಳಲ್ಲೆಲ್ಲ ಹಬ್ಬಿತ್ತು.

ಖಂಡೇನವಮಿಯ ಆಯುಧಪೂಜೆಗೆಂದು ಪ್ರೆಸ್ಸಿಗೆ ಹೊಸ ಕಂಪ್ಯೂಟರು ಬಂದಿತ್ತು. ಹಳೆಯದರಲ್ಲಿದ್ದ ಕೆಲಸವನ್ನೆಲ್ಲ ಸುಗಂಧಾ ಫ್ಲಾಪಿಗಳಿಗೆ ಇಳಿಸಿದಳು. ಫ್ಲಾಪಿಗಳನ್ನು ಗಡಿಗೆಯಂತೆ ಒಂದರ ಮೇಲೊಂದು ಪೇರಿಸಿಟ್ಟಳು. ಹಳೆಯ ಮಶೀನನ್ನು ಒರೆಸಿ ರಾಯಬಾಗದ ಮಲಕಾರಿ ಮಾಸ್ತರರ ಟೈಪಿಂಗ್ ಕ್ಲಾಸಿಗೆ ಕಳಿಸಿಯೂ ಆಯಿತು. ಮರುದಿನ ಪೂಜೆ. ಕಾಗದ ಕತ್ತರಿಸುವ ಕತ್ತಿ, ಮೊಳೆ ಜೋಡಿಸುವ ಚಿಮಟ, ಅವುಗಳ ಪಕ್ಕದಲ್ಲಿ ಫ್ಲಾಪಿಗಳ ಗೋಪುರ. ಭಾವುಸಾಹೇಬ ಭಕ್ತಿಯಿಂದ ಒಂದು ಬೊಗಸೆ ಭಂಡಾರ ತೂರಿದ. ಸುಗಂಧಾ "ಬ್ಯಾಡ್ರಿ ಕಾಕಾ!" ಎಂದು ಕೂಗುವಷ್ಟರಲ್ಲಿ ಅರಿಶಿನದ ಮೋಡ ಇಳಿದಾಗಿತ್ತು. "ದೇವರ ಭಂಡಾರ ಬೇ, ಇನ್ನ ವೈರಸ್ಸಿನ ಅಪ್ಪನೂ ಒಳಗ ಬರಾಂಗಿಲ್ಲ," ಎಂದಿದ್ದ ಭಾವುಸಾಹೇಬ.

ವೈರಸ್ಸು ಬರಲಿಲ್ಲ, ಫೈಲುಗಳೂ ಬರಲಿಲ್ಲ. ಫ್ಲಾಪಿಯ ಸಂದಿಯಲ್ಲಿ ಅರಿಶಿನ ಕೂತಿತ್ತು. ಹೊಸ ಮಶೀನು ಕರ್ರಕರ್ರ ಎಂದು ಹಲ್ಲು ಕಡಿದು ಒಂದೊಂದನ್ನೇ ಉಗುಳಿತು. ಬಳ್ಳಿಯಿದ್ದ ಫ್ಲಾಪಿಯೂ ಹಳದಿಯಾಗಿ ಸತ್ತಿತ್ತು.

"ಅಂದ್ರ ಈ ಬಳ್ಳಿ ಹೊಸಾ ಮಶೀನ ಮುಟ್ಟೇ ಇಲ್ಲ," ಎಂದ ಪಾರಿಸ. "ಚೀಟಿ ಕೂಡಿಸಿದ್ದು ಹಳೇ ಮಶೀನದಾಗ. ಖಂಡೇನವಮಿಗಿಂತ ಮೊದಲ. ದೀಪಾವಳಿಗಿ ಹಂಚಾಕ ಅಂತ ದಸರಾಕಿಂತ ಮೊದಲ ಸಾವು ತಯಾರ ಮಾಡಿಟ್ಟಾರ."

"ಹೌದಲಾ! ಆಗ ಆ ಮಶೀನದ ಮುಂದ ಯಾರ ಕುಂಡರತಿದ್ರು? ಇವಳ." ಭಾವುಸಾಹೇಬನ ಬೆರಳು ಸುಗಂಧಾಳ ಕಡೆ ತಿರುಗಿತು. "ನನಗ ಕೀ ಅಂದ್ರ ಕಪಾಟಿನ ಕೀ ಒಂದ ಗೊತ್ತು."

"ಹಂಗಾದ್ರ ಮಶೀನಕ್ಕ ಕೇಳೂಣು."

ಟೈಪಿಂಗ್ ಕ್ಲಾಸಿನ ಮೂಲೆಯಲ್ಲಿ, ಹಳೇ ಧೋತರ ಹೊದ್ದು ಅದು ಕುಳಿತಿತ್ತು.

ಭಾವುಸಾಹೇಬ ಮೊದಲ ಸಲ ನಕ್ಕ. "ಏನ ಕೇಳತೀರಿ? ನಾ ನಿಂತ ಹೇಳೇನಿ ಈಕಿಗೆ, ಫಾರ್ಮ್ಯಾಟ ಮಾಡು ಅಂತ. ಈಗ ಅದು ತಿಕ್ಕಿ ತೊಳದ ಕೊಡಾ ಇದ್ದಾಂಗ. ಬಗ್ಗಿ ನೋಡಿದ್ರ ನಿಮ್ಮ ಮಾರೀನ ಕಾಣತೈತಿ."

"ತಂಗಿ, ಫಾರ್ಮ್ಯಾಟ ಮಾಡಿದಿ?"

ಸುಗಂಧಾ ಇನ್ನಷ್ಟು ಗೋಡೆಗೆ ಒತ್ತಿಕೊಂಡಳು.

"ಇಲ್ರಿ."

ಪಾರಿಸ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ಯಾಕ?"

"ಕೊಡೂ ಸಾಮಾನ ಬರೇದ ಕೊಡಬಾರದ್ರಿ." ಅವಳ ದನಿಯಲ್ಲಿ ತಪ್ಪು ಮಾಡಿದವಳ ನಾಚಿಕೆಯಿತ್ತು. "ನಮ್ಮ ಅವ್ವ ಡಬ್ಬಿ ಹೊಳ್ಳಿ ಕೊಡಬೇಕಾದ್ರೂ ನಾಕ ಕಾಳ ಸಕ್ಕರಿ ಹಾಕೇ ಕೊಡತಾಳ. ಫಾರ್ಮ್ಯಾಟ ಮಾಡಿದ್ರ ಏನೂ ಉಳ್ಯಾಂಗಿಲ್ಲ. ಮಾಸ್ತರ ಮನಿಗಿ ಬರೇ ಪೆಟಿಗಿ ಹ್ಯಾಂಗ ಕಳಸೂದು? ಅದಕ್ಕ ಒಂದೊಂದ ಫೈಲ ಅಳಿಸಿ, ಒಂದ ಸ್ವಸ್ತಿಕ ಬಿಡಿಸಿ ಇಟ್ಟ ಕಳಸಿನಿ. ಅಕ್ಷರ ಕೂಡಸೂ ಪೇಜ್‌ಮೇಕರ ತಗೀಲಿಲ್ರಿ, ಹುಡುಗೂರ ಕಲೀಲಿ ಅಂತ."

"ಪುಣ್ಯಾತಗಿತ್ತಿ!" ಎಂದರು ಮಲಕಾರಿ ಮಾಸ್ತರರು, ಕಣ್ಣು ತುಂಬಿ.

ಭಾವುಸಾಹೇಬನ ಮುಖದಲ್ಲಿ ಭಂಡಾರ ಒಂದು ಬಿಟ್ಟು ಉಳಿದ ಬಣ್ಣವೆಲ್ಲ ಇಳಿಯಿತು. ಎದ್ದು ನಿಂತ. "ಮಾಸ್ತರ, ಅದನ್ನ ಚಾಲೂ ಮಾಡಬ್ಯಾಡ್ರಿ. ಪೂಜಿ ಆಗಿಲ್ಲ."

"ಆಗಿಲ್ರಿ. ನಾ ಮುಟ್ಟೇ ಇಲ್ಲ. ತುಳಸಿ ಲಗ್ನ ಆಗ್ಲಿ ಅಂತ ಇಟ್ಟೇನಿ."

"ಭಾಳ ಚಲೋ ಆತು," ಎಂದ ಪಾರಿಸ. "ಮುಟ್ಟಿ ಏನರ ಹೊಸಾದ ಬರದಿದ್ರ ಹಳೇದರ ಮ್ಯಾಲ ಕುಂಡರತಿತ್ತು. ನಿಮ್ಮ ಪಂಚಾಂಗ ಈ ಹುಡುಗಿನ್ನ ಉಳಸೂವಂಗ ಐತಿ."

"ಕರೆಂಟ ಹೋಗೂ ಹೊತ್ತ ಐತಿ," ಎಂದ ಭಾವುಸಾಹೇಬ. "ಸುಟ್ಟಗಿಟ್ಟೀತು. ಮಾಸ್ತರ, ನಿನ್ನಿ ಫೋನಿನ್ಯಾಗ ಹೇಳಿಲ್ಲೇನ ನಿಮಗ? ಅದನ್ನ ಗುಜರಿ ಭಂಗಾರದಂವಗ ಹಾಕ್ರಿ, ನಾ ಬ್ಯಾರೆ ಕೊಡಸ್ತೇನಿ."

"ನಿನ್ನಿ? ನಾ ಫೋನ ಎಲ್ಲಿ ಮಾಡೇನ್ರಿ?"

ಪಾರಿಸ ಗಂಟಲು ಸರಿಮಾಡಿಕೊಂಡ. ಮೂಗಿನ ತುದಿಗೆ ಇಲ್ಲದ ಚಷ್ಮಾ ಏರಿಸಿ, ಮಲಕಾರಿ ಮಾಸ್ತರರದೇ ಕೀರಲು ದನಿಯಲ್ಲಿ ಶುರು ಮಾಡಿದ: "ನಮಸ್ಕಾರ್ರಿ ಭಾವುಸಾಹೇಬ್ರ. ಈ ಮಶೀನ ಯಾಕೋ ಹಠಾ ಮಾಡಾಕತ್ತೈತ್ರಿ. ಒಳಗ ಏನರ ಉಳದೈತೋ ಏನೋ, ಕೊಲ್ಲಾಪುರದಿಂದ ಮೆಕ್ಯಾನಿಕನ ಕರಸಲೇನ್ರಿ?"

ಮಾಸ್ತರರು ತಮ್ಮ ಗಂಟಲನ್ನು ತಾವೇ ಮುಟ್ಟಿ ನೋಡಿಕೊಂಡರು.

"ಮೊಳಿ ಸವದ್ರೂ ಹೊಸಾವ ತರಸದಾಂವ," ಪಾರಿಸ ತನ್ನ ದನಿಗೆ ಮರಳಿದ, "ಮಾಸ್ತರಗ ಹೊಸಾ ಕಂಪ್ಯೂಟರ ಕೊಡಸ್ತೇನಿ ಅಂದಾಗ ನನಗ ನಿಮ್ಮ ಬಗ್ಗಿ ಗೌರವ ಹುಟ್ಟಿತು ಭಾವುಸಾಹೇಬ್ರ. ಗೌರವ ಹುಟ್ಟಿದ ಕೂಡಲೆ ಸಂಶೇನೂ ಹುಟ್ಟಿತು. ಜೋಡಿ ಕೂಸ."

ಧೋತರ ಸರಿಯಿತು. ಸ್ವಿಚ್ಚು ಬಿತ್ತು. ಹಳೇ ಮಶೀನು ಕೆಮ್ಮಿ, ಗೊಣಗಿ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿಸಿತು.

"ಅಳಿಸಿದ್ದ ಹೊಳ್ಳಿ ಹ್ಯಾಂಗ ಬರತೈತೋ ಪಾರಿಸಾ?" ಆಬಾಸಾಹೇಬರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ನೀವು ಬಂದಾಂಗ್ರಿ. ನಿಮ್ಮ ಹೆಸರಿನ ಮುಂದ ಸತ್ತ ಅಂತ ಬರದ್ರು. ಮಂದಿ ನಂಬಿದ್ರು. ಮನಶ್ಯಾ ಮನ್ಯಾಗ ಚಾ ಕುಡ್ಯಾಕತ್ತಿದ್ದ. ಇದೂ ಹಂಗ. ಫೈಲ ಅಳಸು ಅಂದ್ರ ಮಶೀನ ಯಾದ್ಯಾಗಿನ ಹೆಸರಷ್ಟ ತಗೀತೈತಿ. ಫೈಲ ಕುಂತ ಜಾಗಾದಾಗ ಕುಂತಿರತೈತಿ. ಆ ಜಾಗಾಕ ಬ್ಯಾರೆ ಬಾಡಿಗ್ಯಾಂವ ಬರೂತನಕ."

ಪಾರಿಸ ಕುಟ್ಟತೊಡಗಿದ. ಅಳಿಸಿದ ಫೈಲುಗಳು ಒಂದೊಂದಾಗಿ ಗೋರಿಯಿಂದ ಎದ್ದು ಬಂದವು. ಪ್ರತಿಯೊಂದರ ಹೆಸರಿನ ಮೊದಲ ಅಕ್ಷರ ಉದುರಿಹೋಗಿತ್ತು. ಅವನು ಸಿಕ್ಕ ಅಕ್ಷರವೊಂದನ್ನು ಎಲ್ಲಕ್ಕೂ ದಾನ ಮಾಡುತ್ತ ಹೋದ. ಮದುವೆ ಕಾರ್ಡು, ಕೂಸಿಗೆ ಹೆಸರಿಡುವ ಬಾರಸೆಯ ಕಾರ್ಡು, ಗೊಬ್ಬರದಂಗಡಿಯ ಜಾಹೀರಾತು. ಸುಗಂಧಾ ಹತ್ತಿರ ಬಂದಳು. ತನ್ನ ಕೆಲಸವನ್ನು ಒಂದೊಂದೇ ಗುರುತು ಹಿಡಿದಳು.

"ಇದು ನಂದು. ಇದೂ ನಂದು. ಇದು..." ಅವಳು ತಡೆದಳು. "ಇದು ನಂದಲ್ರಿ."

ಪಾರಿಸ ಅದನ್ನು ತೆರೆದ.

ದ್ರಾಕ್ಷಿ ಬಳ್ಳಿ. ತಲೆಕೆಳಗಾದ ಎಲೆ. ಒಳಗೆ ಆಬಾಸಾಹೇಬರ ಸಾವು. ಆದರೆ ಸಾಲುಗಳು ವಾಲಿದ್ದವು. ಒಂದೊಂದು ಶಬ್ದದ ನಡುವೆಯೂ ಎತ್ತಿನ ಗಾಡಿ ಹಾಯುವಷ್ಟು ಜಾಗ. ಎರಡು ಕೈಯ ಎರಡೇ ಬೆರಳಿನಿಂದ, ಹುಡುಕಿ ಹುಡುಕಿ ಕುಟ್ಟಿದ ಕೆಲಸ.

"ಹಿಂಗ ಮಾಡಿದ್ರ ನನಗ ನಿದ್ದಿ ಬರೂದಿಲ್ರಿ," ಎಂದಳು ಸುಗಂಧಾ. ಅದು ಆತ್ಮರಕ್ಷಣೆಯಲ್ಲ, ಬರೀ ಅಸಹ್ಯ.

ಪಾರಿಸ ತಿರುಗಲಿಲ್ಲ. ಪರದೆಯನ್ನೇ ನೋಡುತ್ತ ಕೇಳಿದ: "ಕಪಾಟಿನ ಕೀ ಬಿಟ್ಟ ಬ್ಯಾರೆ ಕೀನೂ ಗೊತ್ತದಾವ ಹಂಗಾದ್ರ?"

ಭಾವುಸಾಹೇಬ ಕುಸಿದು ಕುಳಿತ. ಬೆಂಚು ಕಿರುಗುಟ್ಟಿತು.

"ಚೇಷ್ಟಾ ಮಾಡಿದ್ನಿ," ಎಂದ. "ಬರೇ ಚೇಷ್ಟಾ. ನನ್ನ ಮಗನ ಮದುವ್ಯಾಗ ಇದೇ ಆಬಾ ಮೈಕ ಹಿಡದು, ಮದುಮಗ ಓಡಿ ಹೋಗ್ಯಾನ ಅಂತ ಸಾರಿದ. ಬೀಗತಿ ಎಚ್ಚರ ತಪ್ಪಿ ಬಿದ್ಲು. ಇಡೀ ಮಾಂಡವ ನಕ್ಕಿತು. ನಾ ಒಬ್ಬಾಂವ ನಗಲಿಲ್ಲ. ಈಕಿ ಮಾಡೂದ ನೋಡಿ ನೋಡಿ ಒಂದೀಟ ಕಲತಿದ್ನಿ. ಬಟರ ಪೇಪರ ಮ್ಯಾಲ ಪ್ರಿಂಟ ತಗದ ಇಟಗೊಂಡು ಫೈಲ ಅಳಿಸಿದ್ನಿ, ದೀಪಾವಳಿಗಿ ಛಾಪಿಸಿದ್ನಿ. ಅವನ ಅಕ್ಕ ಸಾಯತಾಳ ಅಂತ ಯಾರಿಗಿ ಗೊತ್ತಿತ್ತು?"

"ಆಕಿ ಸತ್ತ ಮ್ಯಾಲೂ ಸುಮ್ನ ಇದ್ರಿ."

"ಏನ ಮಾಡ್ಲಿ?"

"ಈ ಹುಡುಗಿ ಜೇಲಿಗಿ ಹೋಗಾಕತ್ತಿದ್ಲು."

"ಆಕಿದೇನ್ರಿ." ಭಾವುಸಾಹೇಬ ಉಂಗುರ ತಿರುಗಿಸಿದ. "ಸಣ್ಣ ವಯಸ್ಸು. ಎರಡ ದಿವಸ ಸ್ಟೇಶನ್ನಿನ್ಯಾಗ ಕುಂತ ಬರತಿದ್ಲು. ನಂದ ಹೆಸರ ಐತಿ, ಧಂದೆ ಐತಿ."

ಸುಗಂಧಾ ಅವನನ್ನು ನೋಡಿದಳು. ದಿನಾ ಮುಂಜಾನೆ ಕಾಕಾ ಎಂದು ಕರೆದು, ಅವನ ದೇವರಿಗೂ ಹೂ ಏರಿಸಿ, ಆಮೇಲೆ ಕೆಲಸಕ್ಕೆ ಕೂರುತ್ತಿದ್ದವಳು. ಬೈಯಲು ಶುರು ಮಾಡಿದರೆ ಎಲ್ಲಿಂದ ಎಂದು ಅವಳಿಗೆ ತಿಳಿಯದೆ ಹೋಗಿರಬೇಕು.

"ಶಾಬಾಸ್ ಭಾವುಸಾಹೇಬಾ!" ಆಬಾಸಾಹೇಬರು ಬಸಿ ಕೆಳಗಿಟ್ಟರು. "ನನ್ನ ಸಾವಿಗಿ ಇಷ್ಟ ಕೆಟ್ಟ ಟೈಪಿಂಗ? ಜರಾ ಮರ್ಯಾದಿ ಬ್ಯಾಡೇನೋ?" ಎಂದು ಎದ್ದರು. "ನಡೀರಿ, ಕಳ್ಳ ಸಿಕ್ಕ. ಹುಡುಗಿ ಪಾರಾದ್ಲು. ಮಶೀನ ಬಂದ ಮಾಡು ಪಾರಿಸಾ."

"ಇದರ ಕೆಳಗ ಇನ್ನೊಂದ ಐತ್ರಿ," ಎಂದಳು ಸುಗಂಧಾ. "ಅದೂ ನಂದಲ್ಲ."

ಆಬಾಸಾಹೇಬರು ನಿಂತಲ್ಲೇ ನಿಂತರು.

ಎರಡನೆಯ ಫೈಲು ತೆರೆದುಕೊಳ್ಳಲು ಹೊತ್ತು ತೆಗೆದುಕೊಂಡಿತು. ಮೊದಲು ಬಳ್ಳಿ ಬಂತು, ಆಮೇಲೆ ಎಲೆ, ಕಡೆಗೆ ಅಕ್ಷರ. ಇದರ ಸಾಲುಗಳು ನೆಟ್ಟಗಿದ್ದವು. ಪಾರಿಸ ಗಟ್ಟಿಯಾಗಿ ಓದಿದ:

"ಭಾವಪೂರ್ಣ ಶ್ರದ್ಧಾಂಜಲಿ. ತೆಲಸಂಗದ ಶ್ರೀಮತಿ ಕಾಶಿಬಾಯಿ ಇವರು ತಮ್ಮನ ನಿಧನದ ಕರಪತ್ರವನ್ನು ಓದಿ, ಆಘಾತ ತಾಳಲಾರದೆ, ಹೃದಯ ನಿಂತು..."

ಅವನ ದನಿಯೂ ಅಲ್ಲಿಗೇ ನಿಂತಿತು.

"ಅಂದ್ರ?" ಎಂದರು ಮಲಕಾರಿ ಮಾಸ್ತರರು.

"ಅಂದ್ರ ಮಾಸ್ತರ, ಈ ಮಶೀನ ಒರಸಿ ನಿಮ್ಮ ಮನಿಗಿ ಕಳಿಸಿದ್ದು ಖಂಡೇನವಮಿಗಿಂತ ಮೊದಲ. ಅಲ್ಲಿಂದ ಯಾರೂ ಮುಟ್ಟಿಲ್ಲ. ಕಾಶಿಬಾಯಿ ಸತ್ತದ್ದು ದೀಪಾವಳ್ಯಾಗ." ಪಾರಿಸ ಮೆಲ್ಲಗೆ ಹೇಳಿದ. "ಆಕಿ ಹ್ಯಾಂಗ ಸಾಯಬೇಕು ಅನ್ನೂದ, ಆಕಿ ಬದಕಿದ್ದಾಗನ ಬರದಿಟ್ಟಾರ. ಚೇಷ್ಟಾ ಅಲ್ಲ ಇದು. ಖೂನ."

ಭಾವುಸಾಹೇಬ ಹಣೆ ಬಡಿದುಕೊಂಡ. ಭಂಡಾರ ಉದುರಿತು. "ಹಾಲಸಿದ್ದನ ಆಣಿ! ಎರಡನೇದು ನಂದಲ್ಲ! ನನಗ ಇಷ್ಟ ನೆಟ್ಟಗ ಟೈಪ ಮಾಡಾಕೂ ಬರೂದಿಲ್ಲ!"

ಈಗ ಎಲ್ಲರ ಕಣ್ಣೂ ಮತ್ತೆ ಸುಗಂಧಾಳ ಮೇಲೆ ಬಿದ್ದವು. ನೆಟ್ಟಗೆ ಟೈಪು ಮಾಡಬಲ್ಲ ಬೆರಳು ಆ ಅಂಗಡಿಯಲ್ಲಿ ಅವಳವೇ. ಚೇಷ್ಟೆಯ ಕೇಸಿನಿಂದ ಬಿಡಿಸಿಕೊಂಡ ಮರುಕ್ಷಣವೇ ಕೊಲೆಯ ಕೇಸು ಅವಳ ಮಗ್ಗುಲಿಗೆ ಬಂದು ನಿಂತಿತ್ತು.

ಅವಳು ಮಾತ್ರ ಪರದೆಯನ್ನೇ ನೋಡುತ್ತಿದ್ದಳು.

"ಸುಳ್ಳ ಬರದಾರ," ಎಂದಳು. "ಕಾಶಿಬಾಯ್ಯಾರಿಗೆ ಓದಾಕ ಬರತಿದ್ದಿಲ್ಲ."

"ಅದು ನಿನಗ ಹ್ಯಾಂಗ ಗೊತ್ತು ತಂಗಿ?"

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಫೌಜದಾರರು ಹೊತ್ತಿಗೆ ಮೊದಲೇ ಬಂದಿದ್ದರು.

"ನಾನ ಓದಿ ಹೇಳಿದ್ನಿ," ಎಂದಳು ಸುಗಂಧಾ.

ಪಾರಿಸ ಪರದೆಯನ್ನು ಬಿಟ್ಟು ಅವಳ ಕಡೆ ತಿರುಗಿದ.

"ಹಬ್ಬಕ್ಕ ತೆಲಸಂಗಕ್ಕ ಸೋದರಮಾವನ ಮನಿಗಿ ಹೋಗಿದ್ನಿ. ಸ್ಟ್ಯಾಂಡಿನ್ಯಾಗ ಸಿಕ್ಕು ಚೀಟಿ ಕೈಯಾಗ ಇಟ್ರು. ನನ್ನ ಬಳ್ಳಿ ನೋಡಿ ಎದಿ ಧಸಕ್ಕಂತು. ಯಾರೋ ಗಮ್ಮತ್ತ ಮಾಡ್ಯಾರ ಬೇ, ನಾವೂ ಜರಾ ಗಮ್ಮತ್ತ ಮಾಡೂಣು, ಇದನ್ನ ಅಕ್ಕಾಗ ಓದಿ ಹೇಳು ಅಂದ್ರು. ಓದಿದ್ನಿ. ನನ್ನ ದನಿ ಕೇಳತ ಕೇಳತ ಆಕಿ ಸತ್ಲು. ಯಾರ ಮುಂದ ಹೇಳ್ಲಿ? ಚೀಟಿ ಕೂಡಿಸಿದಾಕಿ ಅಂತ ಜೇಲಿಗಿ ಒಯ್ದ್ರೂ ಹೋಗತೇನಿ, ಇದೊಂದ ಯಾರಿಗೂ ಗೊತ್ತಾಗೂದ ಬ್ಯಾಡ ಅನಕೊಂಡಿದ್ನಿ."

"ಯಾರು? ಯಾರ ಓದಾಕ ಹಚ್ಚಿದ್ರು?"

ಸುಗಂಧಾ ಬೆತ್ತದ ಕುರ್ಚಿಗೆ ಮರಳಿದ್ದ ಆಬಾಸಾಹೇಬರ ಕಡೆ ತಿರುಗಿದಳು.

"ದಸರಾಕಿಂತ ಮೊದಲ ಒಂದಿನ ಪ್ರೆಸ್ಸಿಗಿ ಬಂದು, ಟೈಪಿಂಗ ನನಗೂ ಬರತೈತಿ ಅಂತ ಇದೇ ಮಶೀನದ ಮುಂದ ಕುಂತು ಏನೋ ಬರದು ಅಳಿಸಿದ್ರಿ. ಬಾಗಲಾ ಹಿಂದ ನಿಂತಿರತೇನಿ ಅಂದಿದ್ರಿ ಆಬಾ ಕಾಕಾ. ಆಕಿ ಅಳಾಕ ಚಾಲೂ ಮಾಡಿದ ಕೂಡಲೆ ಹೊರಗ ಬಂದು, ನಾ ಬದಕೇನಿ ನೋಡಕ್ಕಾ ಅಂತೇನಿ ಅಂದಿದ್ರಿ." ಅವಳ ಕಣ್ಣಲ್ಲಿ ನೀರಿರಲಿಲ್ಲ. "ಆಕಿ ಅತ್ಲು. ನೆಲಕ್ಕ ಬಿದ್ದ ಅತ್ಲು. ನಿಮ್ಮ ಹೆಸರ ಹಿಡದ ಒದರಿದ್ಲು. ನಾ ಬಾಗಲಾ ನೋಡಿದ್ನಿ. ಸಂದ್ಯಾಗ ನಿಮ್ಮ ಟೊಪ್ಪಗಿ ಕಾಣಾಕತ್ತಿತ್ತು. ನೀವು ಹೊರಗ ಬರಲಿಲ್ಲ."

ಬೂಟಿನ ಸದ್ದು ಮೆಟ್ಟಿಲೇರಿತು.

ಮೊದಲು ನಕ್ಕವನು ಭಾವುಸಾಹೇಬ. ತನಗಿಂತ ಕೆಟ್ಟವನೊಬ್ಬ ಸಿಕ್ಕ ಸಮಾಧಾನಕ್ಕೆ, ಹಿಹಿ ಎಂದು. ಮಲಕಾರಿ ಮಾಸ್ತರರಿಗೂ ದಿಗಿಲಿನಿಂದ ಒಂದು ನಗೆ ಸಿಡಿಯಿತು.

ಆಮೇಲೆ ಆಬಾಸಾಹೇಬರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸಿಕೊಂಡು, ಕುರ್ಚಿಯ ಕೈಯನ್ನು ಗುದ್ದಿ ಗುದ್ದಿ, ಫೌಜದಾರರು ಬಾಗಿಲಲ್ಲಿ ನಿಂತು ಏನು ಕೇಳಿದರೆಂಬುದೇ ಯಾರಿಗೂ ಕೇಳಿಸದಷ್ಟು ಜೋರಾಗಿ.